ಮನೆಯ ವಿಡಿಯೋ ಕ್ಯಾಸೆಟ್ಟುಗಳನ್ನು ಕಾಪಾಡುವ ಬಗೆ

ನಮ್ಮ ಪೂರ್ವವಿದ್ಯಾರ್ಥಿನಿಯರಲ್ಲಿಯೂ ಪೋಷಕರಲ್ಲಿಯೂ ಅನೇಕರ ಮನೆಗಳಲ್ಲಿ ಮದುವೆ, ದೀಕ್ಷಾಸ್ನಾನ, ಕ್ರಿಸ್ಮಸ್ ಮುಂತಾದ ಸಮಯಗಳಲ್ಲಿ ತೆಗೆಸಿದ ವಿಡಿಯೋ ಕ್ಯಾಸೆಟ್ಟುಗಳು ಇಂದಿಗೂ ಬೀರುವಿನಲ್ಲಿ ಇರುವುವು. 2001ನೆಯ ಇಸವಿಯಲ್ಲಿ ಚಿನ್ನದ ಗಣಿಗಳು ಮುಚ್ಚಲ್ಪಟ್ಟ ಮೇಲೆ ಇಲ್ಲಿನ ಕುಟುಂಬಗಳು ಬೆಂಗಳೂರಿಗೂ ದೂರದೇಶಗಳಿಗೂ ಚದರಿಹೋದವು. ಚಾಂಪಿಯನ್ ರೀಫ್, ಮಾರಿಕುಪ್ಪಂಗಳ ಮನೆಸಾಲುಗಳು ಆಗ ಹೇಗಿದ್ದವು, ಅಗಲಿದ ಹಿರಿಯರು ಹೇಗೆ ನಡೆದರು, ಹೇಗೆ ಮಾತಾಡಿದರು ಎಂಬುದನ್ನು ತೋರಿಸತಕ್ಕ ಸಾಧನವು ಅನೇಕರಿಗೆ ಈ ಕ್ಯಾಸೆಟ್ಟುಗಳ ಹೊರತು ಬೇರೊಂದಿಲ್ಲ. ಆದಕಾರಣ ಅವುಗಳನ್ನು ಕಂಪ್ಯೂಟರಿನ ಮೂಲಕ ಡಿ.ವಿ.ಡಿ. ತಟ್ಟೆಗಳಿಗೆ ಇಳಿಸುವ ಕ್ರಮವನ್ನು ಇಲ್ಲಿ ವಿವರಿಸುವೆನು.

ಈ ಕೆಲಸವನ್ನು ತಡಮಾಡಬಾರದೆಂಬುದಕ್ಕೆ ಎರಡು ಕಾರಣಗಳುಂಟು. ಕ್ಯಾಸೆಟ್ಟಿನ ಟೇಪು ಅರ್ಧ ಅಂಗುಲ ಅಗಲದ ಪ್ಲಾಸ್ಟಿಕ್ ಪಟ್ಟಿ. ಅಯಸ್ಕಾಂತ ಗುಣವುಳ್ಳ ಸೂಕ್ಷ್ಮ ಕಣಗಳನ್ನು ಅದರ ಮೇಲೆ ಅಂಟಿನಿಂದ ಲೇಪಿಸಿರುತ್ತಾರೆ. ಚಿತ್ರವೂ ಧ್ವನಿಯೂ ಆ ಕಣಗಳಲ್ಲಿಯೇ ಅಡಗಿರುವುವು. ತೇವದಿಂದ ಅಂಟು ಸಡಿಲವಾಗುವುದು, ಬೂಷ್ಟು ಹಿಡಿಯುವುದು. ಸಯನೈಡ್ ದಿಬ್ಬಗಳಿಂದ ಗಾಳಿಗೆ ಹಾರಿಬರುವ ಧೂಳು ಒಳಹೊಕ್ಕರೆ ಟೇಪು ಗೀಚಿಹೋಗುವುದು. ಇದಲ್ಲದೆ ಯಂತ್ರವೂ ದುರ್ಲಭವಾಗಿದೆ. 1976ರಲ್ಲಿ ಜಪಾನಿನಲ್ಲಿ ಮಾರಾಟಕ್ಕೆ ಬಂದ ವಿ.ಎಚ್.ಎಸ್. ಪದ್ಧತಿಯ ವಿ.ಸಿ.ಆರ್. ಯಂತ್ರಗಳನ್ನು ಕೊನೆಯವರೆಗೂ ತಯಾರಿಸುತ್ತಿದ್ದ ಫುನಾಯ್ ಕಂಪೆನಿಯು 2016ರಲ್ಲಿ ಅದನ್ನು ನಿಲ್ಲಿಸಿತು.

ಮೊದಲನೆಯದಾಗಿ, ಕ್ಯಾಸೆಟ್ಟಿನ ಕಿಟಕಿಯಲ್ಲಿ ನೋಡಿರಿ. ಬಿಳಿಯ ಬೂಷ್ಟು ಕಂಡರೆ ಅದನ್ನು ಯಂತ್ರಕ್ಕೆ ಹಾಕಬೇಡಿರಿ, ಬಲ್ಲವರಿಂದ ಶುಚಿಮಾಡಿಸಿರಿ. ಬೂಷ್ಟಿಲ್ಲದಿದ್ದರೆ, ಬೆನ್ನಿನ ಅಂಚಿನಲ್ಲಿರುವ ಚಿಕ್ಕ ಪ್ಲಾಸ್ಟಿಕ್ ತುಂಡನ್ನು ಮುರಿದುಬಿಟ್ಟರೆ, ಕೈತಪ್ಪಿ ಹಳೆಯದರ ಮೇಲೆ ಹೊಸದು ಅಚ್ಚಾಗುವ ಭಯವಿರದು. ಅನಂತರ ಟೇಪನ್ನು ಕೊನೆಯವರೆಗೆ ಓಡಿಸಿ ಮತ್ತೆ ಸುತ್ತಿಡಬೇಕು.

ಎರಡನೆಯದಾಗಿ, ವಿ.ಸಿ.ಆರ್. ಯಂತ್ರದ ಹಳದಿ ತಂತಿಯನ್ನು ಚಿತ್ರಕ್ಕೂ, ಬಿಳಿ ಮತ್ತು ಕೆಂಪು ತಂತಿಗಳನ್ನು ಧ್ವನಿಗೂ, ವಿಡಿಯೋ ಕ್ಯಾಪ್ಚರ್ ಎಂಬ ಚಿಕ್ಕ ಸಲಕರಣೆಗೆ ಸೇರಿಸಿ, ಅದನ್ನು ಕಂಪ್ಯೂಟರಿನ ಯು.ಎಸ್.ಬಿ. ರಂಧ್ರಕ್ಕೆ ಸಿಕ್ಕಿಸಬೇಕು. ಟೇಪಿನ ಸಂಕೇತಗಳನ್ನು ಅಂಕೆಗಳಾಗಿ ಮಾರ್ಪಡಿಸುವುದೇ ಈ ಸಲಕರಣೆಯ ಕೆಲಸ. ಕಂಪ್ಯೂಟರಿನಲ್ಲಿ ನಮ್ಮ ದೇಶದ ಪಾಲ್ ಪದ್ಧತಿಯನ್ನು, ಅಂದರೆ ಸೆಕೆಂಡಿಗೆ 25 ಚಿತ್ರಗಳನ್ನು, ಆರಿಸತಕ್ಕದ್ದು.

ಮೂರನೆಯದಾಗಿ, ಈ ಕಾರ್ಯದಲ್ಲಿ ಅವಸರ ಸಲ್ಲದು. 180 ನಿಮಿಷದ ಕ್ಯಾಸೆಟ್ಟು ಇಳಿಯಲು 180 ನಿಮಿಷಗಳೇ ಬೇಕು. ಆ ಸಮಯವನ್ನು ವ್ಯರ್ಥಮಾಡದೆ, ಮನೆಯ ಹಿರಿಯರನ್ನು ಪಕ್ಕದಲ್ಲಿ ಕೂರಿಸಿಕೊಂಡು, ಕಾಣುವವರು ಯಾರು, ಸ್ಥಳ ಯಾವುದು, ಇಸವಿ ಯಾವುದು ಎಂದು ಕೇಳಿ ಬರೆದಿಡಿರಿ. ಯಂತ್ರವು ಮುಖಗಳನ್ನು ಉಳಿಸಬಲ್ಲದು. ಆ ಮುಖ ಯಾರದೆಂಬುದನ್ನು ನಮ್ಮ ಅಜ್ಜಿಯರೇ ಹೇಳಬೇಕು. ಅವರು ಹೋದ ಮೇಲೆ ಕೇಳಿ ತಿಳಿಯುವ ದಾರಿಯಿಲ್ಲ.

ನಾಲ್ಕನೆಯದಾಗಿ, ಸಾಮಾನ್ಯ ಡಿ.ವಿ.ಡಿ.ಯಲ್ಲಿ 4.7 ಗಿಗಾಬೈಟ್ ಸ್ಥಳವಿದ್ದು, ಒಳ್ಳೆಯ ಗುಣದಲ್ಲಿ ಸುಮಾರು ಎರಡು ಗಂಟೆಯ ಚಿತ್ರ ಹಿಡಿಯುವುದು. ಮೂರು ಗಂಟೆಯ ಕ್ಯಾಸೆಟ್ಟಿಗೆ ಎರಡು ತಟ್ಟೆಗಳು ಬೇಕು. ತಟ್ಟೆಯೂ ಶಾಶ್ವತವಲ್ಲ, ಬಿಸಿಲು ಸೆಕೆಗಳಿಂದ ಅದರ ಬಣ್ಣದ ಲೇಪ ಕೆಡುವುದು. ಆದ್ದರಿಂದ ಹಾರ್ಡ್ ಡಿಸ್ಕಿನಲ್ಲಿಯೂ ಒಂದು ಪ್ರತಿಯನ್ನಿಟ್ಟು, ಒಂದು ಬಂಗಾರಪೇಟೆಯ ಮನೆಯಲ್ಲಿದ್ದರೆ ಇನ್ನೊಂದು ಬೆಂಗಳೂರಿನ ಮಗಳ ಮನೆಯಲ್ಲಿರುವಂತೆ ಮಾಡಿರಿ. ಮೂಲ ಕ್ಯಾಸೆಟ್ಟನ್ನು ಬಿಸಾಡಬೇಡಿರಿ.

ಅಂಗಡಿಗೆ ಕೊಡುವವರು ಕ್ಯಾಸೆಟ್ಟುಗಳಿಗೆ ಸಂಖ್ಯೆ ಹಾಕಿ, ರಸೀದಿ ಪಡೆದು, ತಟ್ಟೆಯನ್ನು ಮೊದಲಿಂದ ಕೊನೆಯವರೆಗೆ ನೋಡಿದ ಮೇಲೆಯೇ ಹಣ ಸಲ್ಲಿಸುವುದು ಲೇಸು.

ಕಡೆಯದಾಗಿ ಒಂದು ಬಿನ್ನಹ. ನಿಮ್ಮ ಕ್ಯಾಸೆಟ್ಟುಗಳಲ್ಲಿ ನಮ್ಮ ಶಾಲೆಯ ವಾರ್ಷಿಕೋತ್ಸವವಾಗಲಿ ಆಟೋಟಗಳಾಗಲಿ ಕಂಡುಬಂದರೆ, ಹೆಸರುಗಳ ಪಟ್ಟಿಯೊಡನೆ ಒಂದು ಪ್ರತಿಯನ್ನು ಶಾಲೆಗೆ ದಯಪಾಲಿಸಬೇಕು. ಈಗಿನ ನಮ್ಮ ಹುಡುಗಿಯರು ತಮ್ಮ ತಾಯಂದಿರು ಇದೇ ಅಂಗಳದಲ್ಲಿ ಓಡಿದ್ದನ್ನು ನೋಡಿ ಸಂತೋಷಪಡುವರು.