ಸೋರುವ ಕಿವಿಯನ್ನು ಅಲಕ್ಷಿಸಬೇಡಿ

ಮಗು ತಾನು ಕೇಳಿದ್ದನ್ನೇ ನುಡಿಯುತ್ತದೆ; ಕೇಳದುದನ್ನು ನುಡಿಯಲಾರದು. ಶ್ರವಣವು ವಿದ್ಯೆಗೆ ಮೊದಲ ಬಾಗಿಲೆಂದು ಹಿರಿಯರು ಹೇಳುತ್ತ ಬಂದುದು ಇದರಿಂದಲೇ. ಆದರೂ ಕಣ್ಣು ಮಂಜಾದರೆ ಕೂಡಲೇ ವೈದ್ಯರಲ್ಲಿಗೆ ಧಾವಿಸುವ ಮನೆಗಳಲ್ಲಿ, ಕಿವಿ ಸೋರಿದರೆ ‘ಮಕ್ಕಳಿಗೆ ಅದು ಇದ್ದದ್ದೇ, ಬೆಳೆದಂತೆ ನಿಲ್ಲುತ್ತದೆ’ ಎಂಬ ಮಾತು ಕೇಳಿಬರುತ್ತದೆ. ಈ ಅಲಕ್ಷ್ಯದ ಪರಿಣಾಮವನ್ನು ದಕ್ಷಿಣ ಕನ್ನಡದ ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ಸೀಮೆಯ ಸಂದರ್ಭದಲ್ಲಿ ಇಲ್ಲಿ ವಿವೇಚಿಸುತ್ತೇವೆ.

ಇದು ವರ್ಷಕ್ಕೆ 3,500 ಮಿಲಿಮೀಟರಿಗೂ ಮಿಕ್ಕು ಮಳೆ ಬೀಳುವ ನಾಡು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗಾಳಿಯಲ್ಲೆಲ್ಲ ತೇವ ತುಂಬಿರುತ್ತದೆ. ಹೊಳೆ, ಕೆರೆಗಳಲ್ಲಿ ಈಜುವ ಮಕ್ಕಳ ಕಿವಿಯೊಳಗೆ ನೀರಿನ ಪಸೆ ನಿಂತರೆ ಬೂಷ್ಟು ಬೆಳೆಯುತ್ತದೆ. ತುರಿಕೆಗೆಂದು ಕಡ್ಡಿಯನ್ನೋ ಹೇರ್‌ಪಿನ್ನನ್ನೋ ತೂರಿಸಿದರೆ ಗಾಯವಾಗುತ್ತದೆ. ಅದರ ಮೇಲೆ ಬಿಸಿ ತೆಂಗಿನೆಣ್ಣೆ ಸುರಿದರೆ ಬೇನೆ ಉಲ್ಬಣಿಸುತ್ತದೆ. ಇನ್ನು ಶೀತ ಬಲಿತಾಗ, ಮೂಗಿನ ಹಿಂಬದಿಯಿಂದ ಕಿವಿಗೆ ಸಾಗುವ ನಾಳದ ಮೂಲಕ ಸೋಂಕು ನಡುಗಿವಿಯನ್ನು ಸೇರುತ್ತದೆ. ಅಲ್ಲಿ ತುಂಬಿದ ಕೀವು ಕಿವಿಯ ತಮಟೆಯನ್ನು ತೂತುಮಾಡಿ ಹೊರಬರುತ್ತದೆ. ಮಕ್ಕಳಲ್ಲಿ ಈ ನಾಳ ಗಿಡ್ಡವಾದುದರಿಂದ ಅವರಿಗೇ ಈ ಬಾಧೆ ಹೆಚ್ಚು.

ಸೋರುವ ಕಿವಿಗಳೆಲ್ಲ ಒಂದೇ ಬಗೆಯವಲ್ಲ. ಶೀತವಾದಾಗಲೆಲ್ಲ ಧಾರಾಳವಾಗಿ ಸೋರುವುದು ಒಂದು ಬಗೆ. ಇದರಿಂದ ಪ್ರಾಣಾಪಾಯ ಕಡಿಮೆ, ಶ್ರವಣಶಕ್ತಿ ಮಾತ್ರ ಕುಗ್ಗುತ್ತ ಹೋಗುತ್ತದೆ. ಸ್ವಲ್ಪವೇ ಸೋರಿದರೂ ದುರ್ವಾಸನೆ ಬೀರುವುದು ಇನ್ನೊಂದು ಬಗೆ. ಇದು ಸುತ್ತಲಿನ ಎಲುಬನ್ನೇ ತಿನ್ನುತ್ತ ಮುಖದ ನರಕ್ಕೂ ಮೆದುಳಿಗೂ ತಗಲಬಹುದು. ಇದಕ್ಕೆ ಸಾಮಾನ್ಯವಾಗಿ ಶಸ್ತ್ರಚಿಕಿತ್ಸೆಯೇ ದಾರಿ. ಇವೆರಡರ ಭೇದವನ್ನು ತಿಳಿಯಲು ತಜ್ಞರು ತಮಟೆಯನ್ನು ನೋಡಲೇಬೇಕು. ಔಷಧದಂಗಡಿಯಲ್ಲಿ ಕೇಳಿ ತಂದ ಹನಿಮದ್ದು ಆ ಕೆಲಸ ಮಾಡಲಾರದು. ಅಷ್ಟೇ ಅಲ್ಲ, ಜೆಂಟಾಮೈಸಿನ್‌ನಂಥ ಕೆಲವು ಮದ್ದುಗಳು ತೂತಾದ ತಮಟೆಯ ಮೂಲಕ ಒಳಗಿವಿಯನ್ನು ಸೇರಿ ಶ್ರವಣಕ್ಕೇ ಹಾನಿ ಮಾಡಬಲ್ಲವು.

ಒಳ್ಳೆಯ ಚಿಕಿತ್ಸೆಯೆಂದರೆ ದುಬಾರಿ ಚಿಕಿತ್ಸೆಯೆಂದು ಭಾವಿಸಬೇಕಾಗಿಲ್ಲ. ವೈದ್ಯರು ಕಿವಿಯನ್ನು ಶುಚಿಗೊಳಿಸಿ ತಮಟೆಯನ್ನು ಪರೀಕ್ಷಿಸಿದರೇ? ಶಸ್ತ್ರಚಿಕಿತ್ಸೆಗೆ ಮುನ್ನ ಶ್ರವಣ ಪರೀಕ್ಷೆ ನಡೆಯಿತೇ? ಗುಣವಾದ ಕೆಲವು ತಿಂಗಳ ತರುವಾಯ ಅದೇ ಪರೀಕ್ಷೆ ಮತ್ತೆ ನಡೆಯುವುದೇ? ಈ ಮೂರನ್ನು ವಿನಯದಿಂದ ಕೇಳುವ ಹಕ್ಕು ರೋಗಿಯ ಮನೆಯವರಿಗಿದೆ. ಎರಡು ಪರೀಕ್ಷೆಗಳ ವರದಿಗಳನ್ನು ಹೋಲಿಸಿ ನೋಡಿದಾಗಲೇ ವ್ಯಯಿಸಿದ ಹಣಕ್ಕೆ ತಕ್ಕ ಫಲ ದೊರೆಯಿತೇ ಎಂಬುದು ತಿಳಿಯುವುದು.

ಬೆಳ್ತಂಗಡಿಯ ಬೆಟ್ಟದಂಚಿನ ಹಳ್ಳಿಯಿಂದ ಮಂಗಳೂರಿಗೆ ಹೋಗಿಬರುವುದೆಂದರೆ ಒಂದು ದಿನದ ದುಡಿಮೆ ಹೋದಂತೆ. ಆದುದರಿಂದ ಮೊದಲು ಹತ್ತಿರದ ಸರ್ಕಾರಿ ಆಸ್ಪತ್ರೆಯಲ್ಲಿ ತೋರಿಸುವುದು ಲೇಸು. ಅಲ್ಲಿ ಬರೆದುಕೊಟ್ಟ ಶಿಫಾರಸು ಚೀಟಿಯೊಂದಿಗೆ ಮಂಗಳೂರಿಗೆ ಹೋದರೆ ಅಲೆದಾಟ ತಪ್ಪುತ್ತದೆ. 1848ರಲ್ಲಿ ಸ್ಥಾಪಿತವಾದ ವೆನ್‌ಲಾಕ್ ಆಸ್ಪತ್ರೆ ಅಲ್ಲಿನ ಜಿಲ್ಲಾಸ್ಪತ್ರೆ. 2018ರಲ್ಲಿ ಆರಂಭವಾದ ಆಯುಷ್ಮಾನ್ ಭಾರತ–ಆರೋಗ್ಯ ಕರ್ನಾಟಕ ಯೋಜನೆಯು ಬಡ ಕುಟುಂಬಗಳಿಗೆ ವರ್ಷಕ್ಕೆ 5 ಲಕ್ಷ ರೂಪಾಯಿಯವರೆಗೆ ಚಿಕಿತ್ಸೆಯ ನೆರವನ್ನು ಗೊತ್ತುಮಾಡಿತು. ಪಡಿತರ ಚೀಟಿ, ಆಧಾರ್ ಚೀಟಿಗಳನ್ನು ಜೊತೆಗೊಯ್ಯುವುದನ್ನು ಮರೆಯಬಾರದು.

ಹುಟ್ಟಿನಿಂದಲೇ ಕಿವಿ ಕೇಳದ ಶಿಶುಗಳ ವಿಷಯದಲ್ಲಂತೂ ಕಾಲವೇ ಮುಖ್ಯ. 1 ತಿಂಗಳೊಳಗೆ ತಪಾಸಣೆ, 3 ತಿಂಗಳೊಳಗೆ ರೋಗನಿರ್ಣಯ, 6 ತಿಂಗಳೊಳಗೆ ಚಿಕಿತ್ಸೆಯ ಆರಂಭ ಎಂಬುದು ತಜ್ಞರು ಒಪ್ಪಿದ ಕ್ರಮ. ಮೈಸೂರಿನಲ್ಲಿ 1965ರಲ್ಲಿ ಆರಂಭವಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇಂಥ ಮಕ್ಕಳಿಗೆ ದೊಡ್ಡ ಆಸರೆ. ‘ತಡವಾಗಿ ಮಾತಾಡುವುದು ನಮ್ಮ ವಂಶದ ಗುಣ’ ಎಂದು ಕಾಯುತ್ತ ಕುಳಿತರೆ, ಭಾಷೆ ಕಲಿಯುವ ಎಳವೆಯೇ ಕಳೆದುಹೋಗುತ್ತದೆ.

ಮನೆಯಲ್ಲಿ ಪಾಲಿಸಬೇಕಾದುದು ಸ್ವಲ್ಪವೇ. ಕಿವಿಗೆ ಎಣ್ಣೆ ಬೇಡ, ಕಡ್ಡಿ ಬೇಡ. ಸೋರುವ ಕಿವಿಗೆ ನೀರು ತಾಗದಿರಲಿ; ಸ್ನಾನದ ವೇಳೆ ವ್ಯಾಸಲೀನ್ ಸವರಿದ ಹತ್ತಿಯನ್ನು ಕಿವಿಯ ಬಾಯಿಗಿಟ್ಟು, ಮಿಂದ ಬಳಿಕ ತೆಗೆಯಬೇಕು. ಸೋರಿಕೆಯೊಡನೆ ತಲೆನೋವು, ತಲೆಸುತ್ತು, ಜ್ವರ ಅಥವಾ ಮುಖ ಸೊಟ್ಟಗಾಗುವುದು ಕಂಡರೆ ಅಂದೇ ಆಸ್ಪತ್ರೆಗೆ ಕರೆದೊಯ್ಯಬೇಕು. ಮಳೆಗಾಲಕ್ಕೆ ಮುನ್ನ ಮಕ್ಕಳಿಗೆ ಕೊಡೆ ಕೊಳ್ಳುವ ತಾಯಿತಂದೆಯರು, ಸೋರುವ ಕಿವಿಯನ್ನೂ ಆಗಲೇ ಒಮ್ಮೆ ವೈದ್ಯರಿಗೆ ತೋರಿಸಲೆಂದು ನಾವು ಬಿನ್ನವಿಸುತ್ತೇವೆ.