ಒಮ್ಮೆ ಬಿದ್ದ ಬ್ರೋಮೈಡ್

ಒಳಾಂಗಣ ಈಜುಕೊಳದ ಬಾಗಿಲು ತೆರೆದೊಡನೆ ಮೂಗಿಗೆ ಅಡರಿ ಕಣ್ಣುರಿಸುವ ವಾಸನೆಯನ್ನು ಕ್ಲೋರಿನ್ನಿನದೆಂದೂ, ವಾಸನೆ ಜೋರಾಗಿದ್ದಷ್ಟೂ ನೀರು ಶುದ್ಧವೆಂದೂ ನಂಬುವವರು ಓದುಬರಹ ಬಲ್ಲವರಲ್ಲಿಯೂ ಬಹಳ ಮಂದಿ ಇದ್ದಾರೆ. ನಂಬಿಕೆಯ ಎರಡು ಭಾಗಗಳೂ ತಪ್ಪು. ಆ ವಾಸನೆ ಮುಖ್ಯವಾಗಿ ಕ್ಲೋರಮೈನ್‌ಗಳದು. ಅಂದರೆ ಈಜುವವರ ಬೆವರು ಮತ್ತು ಮೂತ್ರದಲ್ಲಿರುವ ಯೂರಿಯಾ, ಅಮೋನಿಯಾದಂತಹ ಸಾರಜನಕದ ಸಂಯುಕ್ತಗಳೊಂದಿಗೆ ಕ್ಲೋರಿನ್ ಸೇರಿ ಹುಟ್ಟುವ ವಸ್ತುಗಳದು. ಇವುಗಳಲ್ಲಿ ಟ್ರೈಕ್ಲೋರಮೈನ್ ಎಂಬುದು ನೀರಿನಲ್ಲಿ ನಿಲ್ಲದೆ ಆವಿಯಾಗಿ, ಈಜುವವನು ಉಸಿರೆಳೆದುಕೊಳ್ಳುವ ಗೇಣುದ್ದದ ಗಾಳಿಯಲ್ಲಿಯೇ ತಂಗುತ್ತದೆ. ಬಯಲಿನ ಕೊಳದಲ್ಲಿ ಗಾಳಿ ಅದನ್ನು ಹೊತ್ತೊಯ್ಯುತ್ತದೆ, ಬಿಸಿಲು ಒಡೆಯುತ್ತದೆ; ಮನೆಯೊಳಗಿನ ಕೊಳದಲ್ಲಿ ಎರಡೂ ಇಲ್ಲ. ಸ್ವಿಟ್ಜರ್ಲೆಂಡಿನ ಊಸ್ಟರ್ ಪಟ್ಟಣದಲ್ಲಿ 1985ರ ಮೇ 9ರಂದು ಒಳಾಂಗಣ ಈಜುಕೊಳದ ಕಾಂಕ್ರೀಟ್ ಒಳಮಾಡು ಕುಸಿದು 12 ಜನ ಸತ್ತರು. ಮಾಡನ್ನು ಹಿಡಿದಿದ್ದ, ತುಕ್ಕು ಹಿಡಿಯದೆಂದು ಹೆಸರಾದ ಸ್ಟೇನ್‌ಲೆಸ್ ಸ್ಟೀಲ್ ಸರಳುಗಳನ್ನು ಆ ಗಾಳಿಯ ಕ್ಲೋರೈಡ್ ಅಂಶವೇ ಬಿರುಕು ಬಿಡಿಸಿತ್ತು.

ಇಂತಹ ವಾಸನೆಗೆ ಬೇಸತ್ತ ಮನೆಯವರಲ್ಲಿ, ಕ್ಲೋರಿನ್ ಬಿಟ್ಟು ಬೇರೆ ಸೋಂಕುನಿವಾರಕಕ್ಕೆ ಬದಲಾಯಿಸುವುದು ಹೇಗೆ ಎಂಬ ಪ್ರಶ್ನೆ ಸಹಜವಾಗಿಯೇ ಏಳುತ್ತದೆ. ಮನೆಯೊಳಗಿನ ಈಜುಕೊಳ ರಾಯಚೂರು, ಮಾನ್ವಿ, ದೇವದುರ್ಗಗಳ ಕಡೆ ಅಪರೂಪದ ವಸ್ತುವೇ ಸರಿ. ಅದರ ರಸಾಯನಶಾಸ್ತ್ರ ಮಾತ್ರ ಅಪರೂಪದ್ದಲ್ಲ. ಕಲ್ಲೂರಿನಂತಹ ಊರಿನಲ್ಲಿ ನೀರಗಂಟಿ ಮೇಲ್ತೊಟ್ಟಿಗೆ ಕಲಸಿ ಸುರಿಯುವ ಬ್ಲೀಚಿಂಗ್ ಪೌಡರ್, ಗ್ಲಾಸ್ಗೋದ ಚಾರ್ಲ್ಸ್ ಟೆನಂಟ್ 1799ರಲ್ಲಿ ಪೇಟೆಂಟ್ ಪಡೆದ ಪುಡಿಯೇ. ಕೊಳಕ್ಕೆ ಹಾಕುವ ಕ್ಯಾಲ್ಸಿಯಂ ಹೈಪೊಕ್ಲೋರೈಟ್ ಅದರ ಗಟ್ಟಿಯಾದ ತಮ್ಮ. ಕಣ್ಣಿಗೆ ತಿಳಿಯಾಗಿ ಕಂಡ ನೀರೆಲ್ಲ ಶುದ್ಧವೆಂದು ಪಟಿಕದ ತುಂಡನ್ನು ನೀರಿನಲ್ಲಿ ಆಡಿಸಿ ಸಮಾಧಾನಪಟ್ಟುಕೊಳ್ಳುವ ರೂಢಿಗೆ ಇನ್ನಾದರೂ ಕೊನೆಯಿರಬೇಕು: ಪಟಿಕ ಕೆಸರನ್ನು ತಳಕ್ಕಿಳಿಸುತ್ತದೆ, ರೋಗಾಣುಗಳನ್ನು ಕೊಲ್ಲುವ ಕೆಲಸ ಅದರದಲ್ಲ. 2022ರಲ್ಲಿ ರಾಯಚೂರು ನಗರದಲ್ಲಿಯೇ ಕಲುಷಿತ ನೀರು ಕುಡಿದು ಜನ ಸತ್ತದ್ದನ್ನು ಈ ಸೀಮೆಯವರಿಗೆ ಬೇರೆಯಾಗಿ ನೆನಪಿಸಬೇಕಿಲ್ಲ.

ಬದಲಾವಣೆಗೆ ಮೊದಲು ಕೊಳದಲ್ಲಿ ಈಗಾಗಲೇ ಏನಿದೆ ಎಂಬುದು ಗೊತ್ತಿರಬೇಕು. ಗುಳಿಗೆಯ ರೂಪದಲ್ಲಿ ಬರುವ ಟ್ರೈಕ್ಲೋರ್ ಎಂಬ ಕ್ಲೋರಿನ್, ಕರಗುತ್ತಾ ಹೋದಂತೆ ಸಯನ್ಯೂರಿಕ್ ಆಮ್ಲವನ್ನು ನೀರಿನಲ್ಲಿ ಉಳಿಸಿಹೋಗುತ್ತದೆ; ಕ್ಲೋರಿನ್ 10 ಪಾಲು ಸೇರಿದರೆ ಈ ಆಮ್ಲ ಸುಮಾರು 6 ಪಾಲು ಸೇರುತ್ತದೆ. ಹಟ್ಟಿ ಚಿನ್ನದ ಗಣಿಯಲ್ಲಿ ಅದಿರಿನಿಂದ ಚಿನ್ನ ಬಿಡಿಸಲು ಬಳಸುವ ಸಯನೈಡ್ ಗೊತ್ತಿರುವ ಈ ಜಿಲ್ಲೆಯವರು ಹೆಸರು ಕೇಳಿಯೇ ಬೆಚ್ಚಬಹುದು, ಆದರೆ ಇದು ಸಯನೈಡ್ ಅಲ್ಲ. ಬಿಸಿಲಿನಿಂದ ಕ್ಲೋರಿನ್ನನ್ನು ಕಾಯುವ ಕೊಡೆಯಂತಹ ವಸ್ತು ಇದು. ಬಿಸಿಲೇ ಬೀಳದ ಒಳಾಂಗಣದಲ್ಲಿ ಈ ಕೊಡೆಗೆ ಹೆಚ್ಚಿನ ಕೆಲಸವಿಲ್ಲ, ಅತಿಯಾದರೆ ಕ್ಲೋರಿನ್ನಿನ ಕೈಕಟ್ಟುವುದು ಮಾತ್ರ ಉಂಟು. ಇನ್ನು ‘ಉಪ್ಪುನೀರಿನ ಕೊಳ, ಕ್ಲೋರಿನ್ ಇಲ್ಲ’ ಎಂಬ ಮಾತು ಶುದ್ಧ ಮಾರಾಟಗಾರಿಕೆ. ಅಲ್ಲಿನ ಯಂತ್ರ ಅಡುಗೆ ಉಪ್ಪಿಗೆ ವಿದ್ಯುತ್ ಹಾಯಿಸಿ ಕ್ಲೋರಿನ್ನನ್ನೇ ತಯಾರಿಸುತ್ತದೆ.

ಒಳಾಂಗಣಕ್ಕೆ ಸಾಮಾನ್ಯವಾಗಿ ಸೂಚಿತವಾಗುವ ಬದಲಿ ಬ್ರೋಮಿನ್. 1826ರಲ್ಲಿ ಫ್ರಾನ್ಸಿನ ಆಂಟ್ವಾನ್ ಬಲಾರ್ ಸಮುದ್ರದ ಉಪ್ಪುನೀರಿನಿಂದ ಬೇರ್ಪಡಿಸಿದ ಈ ಮೂಲವಸ್ತುವಿನ ಹೆಸರಿಗೆ ಗ್ರೀಕ್ ಭಾಷೆಯಲ್ಲಿ ದುರ್ನಾತವೆಂದೇ ಅರ್ಥ, ಆದರೂ ಕೊಳದಲ್ಲಿ ಅದು ಕ್ಲೋರಿನ್ನಿಗಿಂತ ಸೌಮ್ಯ. ಬೆವರಿನೊಡನೆ ಸೇರಿ ಹುಟ್ಟುವ ಬ್ರೋಮಮೈನ್‌ಗಳು ಅಷ್ಟು ನಾರುವುದಿಲ್ಲ, ರೋಗಾಣುಗಳನ್ನು ಕೊಲ್ಲುವ ಶಕ್ತಿಯನ್ನೂ ಬಹುಮಟ್ಟಿಗೆ ಉಳಿಸಿಕೊಂಡಿರುತ್ತವೆ. ಬಿಸಿಲಿನಲ್ಲಿ ಬೇಗ ಹಾಳಾಗುವ, ಸಯನ್ಯೂರಿಕ್ ಕೊಡೆಯೂ ಒದಗದ ಬ್ರೋಮಿನ್ನಿಗೆ ಮನೆಯ ನೆರಳು ಹೇಳಿ ಮಾಡಿಸಿದ ಜಾಗ.

ಅಚ್ಚರಿಯ ಸಂಗತಿ ಇರುವುದು ಮುಂದೆ. ಕ್ಲೋರಿನ್ನಿನ ಕೊಲ್ಲುವ ರೂಪವಾದ ಹೈಪೊಕ್ಲೋರಸ್ ಆಮ್ಲ ಒಂದು ರೋಗಾಣುವಿನ ಮೇಲೆ ತನ್ನ ಕೆಲಸ ಮುಗಿಸಿದ ಮೇಲೆ ಕ್ಲೋರೈಡ್ ಆಗಿ, ಅಂದರೆ ಉಪ್ಪಿನ ನಿರುಪಯೋಗಿ ಅಂಶವಾಗಿ ನೀರಿನಲ್ಲಿ ಬಿದ್ದಿರುತ್ತದೆ. ವಿದ್ಯುತ್ ಹಾಯಿಸದೆ ಅದು ಮೇಲೇಳದು. ಬ್ರೋಮಿನ್ನಿನ ಸೋಂಕುನಿವಾರಕ ರೂಪವೂ ಕೆಲಸ ಮುಗಿಸಿ ಬ್ರೋಮೈಡ್ ಆಗುತ್ತದೆ, ಆದರೆ ಅದರ ಕಥೆ ಅಲ್ಲಿಗೆ ನಿಲ್ಲುವುದಿಲ್ಲ. ಸ್ವಲ್ಪ ಕ್ಲೋರಿನ್ ಅಥವಾ ಪೊಟ್ಯಾಸಿಯಂ ಮೊನೊಪರ್ಸಲ್ಫೇಟ್‌ನಂತಹ ಆಕ್ಸಿಡೀಕಾರಕ ನೀರಿಗೆ ಬಿದ್ದೊಡನೆ ಅದೇ ಬ್ರೋಮೈಡ್ ಮತ್ತೆ ಸೋಂಕುನಿವಾರಕ ಬ್ರೋಮಿನ್ ಆಗಿ ಎದ್ದು ನಿಲ್ಲುತ್ತದೆ. ಒಂದೇ ಎತ್ತು ಮತ್ತೆ ಮತ್ತೆ ನೊಗಕ್ಕೆ ಬಂದಂತೆ. ಕ್ಲೋರಿನ್ ಇಲ್ಲಿ ಎತ್ತನ್ನು ಎಬ್ಬಿಸಿ ಕಟ್ಟುವ ಆಳು. ಆದ್ದರಿಂದ ಬ್ರೋಮಿನ್ ಕೊಳವನ್ನು ಆರಂಭಿಸಲು ಸೋಡಿಯಂ ಬ್ರೋಮೈಡ್ ಎಂಬ ಬಿಳಿಯ ಉಪ್ಪನ್ನು ಲೀಟರಿಗೆ ಸುಮಾರು 30 ಮಿಲಿಗ್ರಾಂ, ಅಂದರೆ 50,000 ಲೀಟರಿನ ಕೊಳಕ್ಕೆ ಒಂದೂವರೆ ಕಿಲೋ ಕರಗಿಸಿದರೆ ಸಾಕು. ತೊಡಕಿರುವುದೂ ಇಲ್ಲಿಯೇ. ಅಂದಿನಿಂದ ಆ ನೀರಿಗೆ ಎಷ್ಟೇ ಕ್ಲೋರಿನ್ ಹಾಕಿದರೂ ಅದು ಮೊದಲು ಬ್ರೋಮೈಡನ್ನು ಬ್ರೋಮಿನ್ ಆಗಿಸುವುದರಲ್ಲಿ ವ್ಯಯವಾಗುತ್ತದೆ; ಬ್ರೋಮಿನ್ ಬೇಡವೆನಿಸಿ ಕ್ಲೋರಿನ್ನಿಗೆ ಮರಳಬೇಕೆಂದರೆ ಔಷಧದಿಂದ ಆಗದು, ಕೊಳವನ್ನು ಹೆಚ್ಚುಕಡಿಮೆ ಪೂರ್ತಿ ಖಾಲಿ ಮಾಡಬೇಕು. ಬ್ರೋಮೈಡ್ ಇರುವ ನೀರಿಗೆ ಓಜೋನ್ ಯಂತ್ರ ಜೋಡಿಸುವುದೂ ಸಲ್ಲದು, ಏಕೆಂದರೆ ಆಗ ಹುಟ್ಟುವ ಬ್ರೋಮೇಟ್ ಕ್ಯಾನ್ಸರ್‌ಕಾರಕವೆಂಬ ಶಂಕೆಯ ವಸ್ತು. ಪಿಎಚ್‌ಎಂಬಿ ಎಂಬ ಮೂರನೆಯ ಬಗೆಯ ಸೋಂಕುನಿವಾರಕವಂತೂ ಕ್ಲೋರಿನ್ನನ್ನು ಕಂಡರಾಗದು. ಎರಡೂ ಕೂಡಿದರೆ ನೀರು ಕದಡಿ, ಶೋಧಕದ ಮರಳಿಗೆ ಜಿಗುಟು ಮೆತ್ತಿಕೊಳ್ಳುತ್ತದೆ.

ನೀರಿನೊಳಗೆ ಇಷ್ಟಾದರೆ ನೀರಿನ ಹೊರಗಿನ ಅಪಾಯ ಇನ್ನೂ ದೊಡ್ಡದು. ಟ್ರೈಕ್ಲೋರ್ ಗುಳಿಗೆ ಮತ್ತು ಕ್ಯಾಲ್ಸಿಯಂ ಹೈಪೊಕ್ಲೋರೈಟ್ ಎರಡಕ್ಕೂ ಮನೆಮಂದಿ ಇಡುವ ಹೆಸರು ‘ಕ್ಲೋರಿನ್’ ಒಂದೇ ಆದರೂ, ತೇವದಲ್ಲಿ ಒಂದನ್ನೊಂದು ಮುಟ್ಟಿದರೆ ಅವು ಕಾದು, ಕ್ಲೋರಿನ್ ಅನಿಲ ಉಗುಳಿ, ಬೆಂಕಿ ಹೊತ್ತಿಸಿ, ಮುಚ್ಚಿದ ಡಬ್ಬಿಯಲ್ಲಾದರೆ ಸಿಡಿಯಲೂಬಲ್ಲವು. ಗುಳಿಗೆ ಕರಗಿಸುವ ಪೆಟ್ಟಿಗೆಯ ಮೂಲೆಯಲ್ಲಿ ಅವಲಕ್ಕಿಯಷ್ಟು ಹಳೆಯ ಚೂರು ಅಂಟಿಕೊಂಡಿದ್ದರೂ ಹೊಸ ಬಗೆಯನ್ನು ಅದಕ್ಕೆ ತುಂಬಬಾರದು. ತೊಳೆದು ನೋಡೋಣವೆಂಬ ಲೆಕ್ಕಾಚಾರಕ್ಕಿಂತ ಹೊಸ ಸೋಂಕುನಿವಾರಕಕ್ಕೆ ಹೊಸ ಪೆಟ್ಟಿಗೆ, ಅದರದೇ ಅಳತೆಯ ಲೋಟ, ಬೇರೆ ಕಪಾಟು ಎಂಬ ನಿಯಮವೇ ಲೇಸು. ಕ್ಷಾರ ಇಳಿಸಲು ಬಳಸುವ ಹೈಡ್ರೋಕ್ಲೋರಿಕ್ ಆಮ್ಲವಂತೂ ಹೈಪೊಕ್ಲೋರೈಟಿನ ನೆರೆಯಲ್ಲಿಯೂ ಇರಕೂಡದು. ಇವೆರಡು ಬೆರೆತು ಹೊಮ್ಮುವ ಅನಿಲ 1915ರ ಏಪ್ರಿಲ್ 22ರಂದು ಬೆಲ್ಜಿಯಂನ ಈಪ್ರ ರಣರಂಗದಲ್ಲಿ ಸೈನಿಕರ ಮೇಲೆ ಹರಿದ ಅನಿಲವೇ. ಗಾಳಿಗಿಂತ ಎರಡೂವರೆ ಪಟ್ಟು ಭಾರವಾದ್ದರಿಂದ ಅದು ಕಿಟಕಿಯ ಕಡೆ ಏಳದೆ ನೆಲದ ಮೇಲೆಯೇ ಹರಡುತ್ತದೆ.

ಬದಲಾವಣೆಯ ಹೊತ್ತಿನಲ್ಲಿ ಮಾಪನವೂ ಮೋಸ ಮಾಡಬಹುದು. ಹಳ್ಳಿಗಳಲ್ಲಿ ನೀರು ಪರೀಕ್ಷಿಸುವ ಕ್ಲೋರೋಸ್ಕೋಪಿನ ಆರ್ಥೊಟೊಲಿಡಿನ್ ಹನಿ ನೀರನ್ನು ಹಳದಿಯಾಗಿಸುತ್ತದೆ, ಆದರೆ ಕೊಲ್ಲುವ ಕ್ಲೋರಿನ್ನಿಗೂ ನಾರುವ ಕ್ಲೋರಮೈನಿಗೂ ಹಳದಿಯೇ. ಡಿಪಿಡಿ ಎಂಬ ಗುಳಿಗೆ ಈ ವಿಷಯದಲ್ಲಿ ಮೇಲು: 10 ಮಿಲಿಲೀಟರ್ ನೀರಿನ ಪುಟ್ಟ ಕೊಳವೆಯಲ್ಲಿ ಅದು ಕರಗಿದೊಡನೆ ಬರುವ ಗುಲಾಬಿ ಬಣ್ಣ ಕ್ಲೋರಮೈನ್ ಆಗದೆ ಉಳಿದ ಮುಕ್ತ ಕ್ಲೋರಿನ್ನಿನ ಪ್ರಮಾಣವನ್ನು ಮಾತ್ರ ತೋರಿಸುತ್ತದೆ. ಇದರ ವಂಚನೆ ಬೇರೆ ಬಗೆಯದು. ಕ್ಲೋರಿನ್ ಅತಿಯಾಗಿದ್ದರೆ ಅದು ಗುಲಾಬಿ ಬಣ್ಣವನ್ನೇ ಬಿಳಿಚಿಸಿಬಿಡುತ್ತದೆ. ಕೊಳವೆ ಕ್ಷಣಮಾತ್ರ ಕೆಂಪೇರಿ ಬೆಳ್ಳಗಾದದ್ದನ್ನು ಗಮನಿಸದವರು ಕ್ಲೋರಿನ್ ಸೊನ್ನೆಯೆಂದು ಬರೆದುಕೊಂಡು, ಇನ್ನಷ್ಟು ಸುರಿಯಲು ಹೊರಡುತ್ತಾರೆ. ಅದೇ ನೀರನ್ನು ಬಟ್ಟಿ ಇಳಿಸಿದ ನೀರಿನಲ್ಲಿ ಹತ್ತರಷ್ಟು ತೆಳುವಾಗಿಸಿ ಪರೀಕ್ಷಿಸಿದರೆ ಸತ್ಯ ಗುಲಾಬಿಯಾಗಿ ಹೊರಬೀಳುತ್ತದೆ. ಬ್ರೋಮಿನ್ನಿಗೂ ಇದೇ ಗುಳಿಗೆ ಒದಗುತ್ತದೆ, ಕ್ಲೋರಿನ್ ಅಂಕಿಯನ್ನು 2.25ರಿಂದ ಗುಣಿಸಿದರಾಯಿತು. ಹೊಸ ಮದ್ದಿನ ಅಂಕಿ ಸರಿಯಾದ ಮಟ್ಟದಲ್ಲಿ ನಿಲ್ಲುವವರೆಗೆ ಕೊಳಕ್ಕೆ ಯಾರೂ ಇಳಿಯಬಾರದು. ಗಾಳಿ ಹೊರದಬ್ಬುವ ಫ್ಯಾನು ನಿಲ್ಲಬಾರದು.

ಬ್ರೋಮಿನ್ನಿನಿಂದ ಕ್ಲೋರಿನ್ನಿಗೆ ಹಿಂದಿರುಗುವ ಮನಸ್ಸಾದರೆ ಖಾಲಿ ಮಾಡಬೇಕಾದ ಆ 50,000 ಲೀಟರನ್ನು ಜಲಜೀವನ ಮಿಷನ್ ಹಳ್ಳಿಗರಿಗೆ ದಿನಕ್ಕೆ ತಲಾ 55 ಲೀಟರ್ ಎಂದು ನಿಗದಿ ಮಾಡಿರುವ ಲೆಕ್ಕದಲ್ಲಿ ಹಂಚಿದರೆ, 900ಕ್ಕೂ ಹೆಚ್ಚು ಜನರ ಒಂದು ದಿನದ ನೀರಾಗುತ್ತದೆ. ಕೃಷ್ಣೆ, ತುಂಗಭದ್ರೆಗಳ ನಡುವೆ ಇದ್ದೂ ಬೇಸಿಗೆಯಲ್ಲಿ ಕೊಡ ಹಿಡಿದು ನಿಲ್ಲುವ ಸೀಮೆಯಲ್ಲಿ, ಬ್ರೋಮೈಡಿನ ಪೊಟ್ಟಣ ಕತ್ತರಿಸುವ ಮೊದಲೇ ಈ ಲೆಕ್ಕ ಹಾಕುವುದು ಉಚಿತ. ಹೊರಬಿಟ್ಟ ನೀರನ್ನು ಹಳ್ಳಕ್ಕೋ ಕೆರೆಗೋ ನೇರವಾಗಿ ಹರಿಸದೆ, ಬಯಲು ತೊಟ್ಟಿಯಲ್ಲಿ ಕೆಲವು ದಿನ ನಿಲ್ಲಿಸಿ, ಗುಲಾಬಿ ಬಣ್ಣ ಬಾರದಾದ ಮೇಲೆಯೇ ಬಿಡಬೇಕು. ರಾಯಚೂರಿನ ಏಪ್ರಿಲ್ ಬಿಸಿಲಿಗೆ ಆ ಕೆಲಸ ತಡವೇನೂ ಆಗದು, ಬ್ರೋಮೈಡ್ ಮಾತ್ರ ಆ ಬಿಸಿಲಿಗೂ ಮಾಯವಾಗದೆ ನೀರಿನಲ್ಲಿಯೇ ಉಳಿದಿರುತ್ತದೆ.