ವೆನಿಸ್‌ನ ಕಾಲುವೆಗಳಿಂದ ತೆಗೆದ ಹೂಳು ಎಲ್ಲಿಗೆ ಹೋಗುತ್ತದೆ?

2023ರ ಫೆಬ್ರುವರಿಯಲ್ಲಿ ವೆನಿಸ್‌ನ ಹಲವು ಸಣ್ಣ ಕಾಲುವೆಗಳಲ್ಲಿ ನೀರು ತಳಕ್ಕಿಳಿದು ಗೊಂಡೋಲಾಗಳು ಕೆಸರಿನಲ್ಲಿ ಕೂತವು. ವಾಯುಭಾರ ಹೆಚ್ಚಿ, ಸಮುದ್ರದ ಇಳಿತ ವಾಡಿಕೆಗಿಂತ ಕೆಳಗೆ ಹೋಗಿತ್ತು. ವಾಹನ ಓಡುವ ರಸ್ತೆಗಳೇ ಇಲ್ಲದ ಊರದು. ಆಂಬುಲೆನ್ಸ್, ಅಗ್ನಿಶಾಮಕ, ಕಸ ಒಯ್ಯುವ ಗಾಡಿ ಎಲ್ಲವೂ ದೋಣಿಗಳೇ. ಇಳಿತವನ್ನು ತಡೆಯುವುದು ಯಾರ ಕೈಯಲ್ಲೂ ಇಲ್ಲ. ಇಳಿತದ ಹೊತ್ತಿನಲ್ಲೂ ದೋಣಿ ತೇಲುವಷ್ಟು ಆಳ ಉಳಿಸಿಕೊಳ್ಳುವುದು ಮಾತ್ರ ಊರಿನ ಕೈಯಲ್ಲಿದೆ.

ಆ ಆಳವನ್ನು ತಿನ್ನುವುದು ಹೂಳು. ಬ್ರೆಂಟಾ, ಪಿಯಾವೆಯಂಥ ನದಿಗಳು ಊರಿನ ಸುತ್ತಲಿನ ಹಿನ್ನೀರಿಗೆ ಹೂಳು ತರಬಾರದೆಂದು ವೆನಿಸ್ ಗಣರಾಜ್ಯ ಶತಮಾನಗಳ ಹಿಂದೆಯೇ ಅವುಗಳ ದಿಕ್ಕು ತಿರುಗಿಸಿತು. ಈಗ ಒಳಗಾಲುವೆಗಳನ್ನು ತುಂಬುವ ಹೂಳಿನಲ್ಲಿ ಊರಿನದೇ ದೊಡ್ಡ ಪಾಲಿದೆ: ಉದುರಿದ ಗಾರೆ, ಇಟ್ಟಿಗೆ ಪುಡಿ, ಮನೆಗಳ ಹೊಲಸು. ಹಳೇ ಊರಿನಲ್ಲಿ ಆಧುನಿಕ ಒಳಚರಂಡಿ ಜಾಲವಿಲ್ಲ. ಓಣಿಗಳಡಿಯ ‘ಗಾತೋಲಿ’ ಎಂಬ ಇಟ್ಟಿಗೆ ಚರಂಡಿಗಳು ಕೊಳಚೆಯನ್ನು ಕಾಲುವೆಗೆ ಬಿಡುತ್ತವೆ. ದಿನಕ್ಕೆರಡು ಸಲ ಬರುವ ಉಬ್ಬರ-ಇಳಿತ ಅದನ್ನು ತೊಳೆದೊಯ್ಯಬೇಕು. ಹೂಳು ಏರಿ ಚರಂಡಿಯ ಬಾಯಿ ಮುಚ್ಚಿತೆಂದರೆ ಕೊಳಚೆ ಹಿಂದಕ್ಕೆ ಒತ್ತಿ, ದಡದ ಗೋಡೆಯೊಳಗೆ ಜಿನುಗಿ, ಅದನ್ನು ಸಡಿಲಗೊಳಿಸುತ್ತದೆ. ಹಾಗಾಗಿ ಹೂಳೆತ್ತುವುದೆಂದರೆ ದೋಣಿಗೆ ದಾರಿ ಮಾಡುವುದಷ್ಟೇ ಅಲ್ಲ, ಮನೆಗಳನ್ನು ಉಳಿಸುವುದೂ ಹೌದು.

ಕೆಲಸ ಎರಡು ಬಗೆಯಲ್ಲಿ ನಡೆಯುತ್ತದೆ. ಮೊದಲನೆಯದು ನೀರಿದ್ದಂತೆಯೇ ತೆಗೆಯುವುದು. ಬಾರ್ಜಿನ ಮೇಲಿನ ಯಂತ್ರ ತನ್ನ ಕಬ್ಬಿಣದ ಬಾಯಿಯಿಂದ ಕೆಸರು ಕಚ್ಚಿ ಇನ್ನೊಂದು ಬಾರ್ಜಿಗೆ ಸುರಿಯುತ್ತದೆ. ಇದಕ್ಕೆ ಖರ್ಚು ಕಡಿಮೆ, ವೇಗ ಹೆಚ್ಚು. ಆದರೆ ಉಬ್ಬರದಲ್ಲಿ ಬಾರ್ಜು ತಗ್ಗು ಸೇತುವೆಗಳಡಿ ನುಸುಳಲಾರದು, ಇಳಿತದಲ್ಲಿ ತಳ ಕಚ್ಚುತ್ತದೆ. ಹಾಗಾಗಿ ಕೆಲಸದ ವೇಳೆಯನ್ನು ನೀರೇ ಗೊತ್ತುಮಾಡುತ್ತದೆ.

ಎರಡನೆಯದು ಕಾಲುವೆಯನ್ನೇ ಒಣಗಿಸುವುದು. ಒಂದು ತುಂಡಿನ ಎರಡೂ ತುದಿಗೆ ಉಕ್ಕಿನ ಹಲಗೆ ಬಡಿದು ಒಡ್ಡು ಕಟ್ಟುತ್ತಾರೆ, ಪಂಪ್ ಹಚ್ಚಿ ನೀರು ಹೊರಹಾಕುತ್ತಾರೆ, ಸಣ್ಣ ಯಂತ್ರಗಳನ್ನು ತಳಕ್ಕೆ ಇಳಿಸುತ್ತಾರೆ. ಇದು ದುಬಾರಿ, ತಿಂಗಳುಗಟ್ಟಲೆ ದಾರಿ ಬಂದ್. ಆದರೂ ನನಗೆ ಇದೇ ಸರಿಯಾದ ದಾರಿ ಅನ್ನಿಸುತ್ತದೆ. ನೀರಡಿಯಲ್ಲಿ ಕಾಣದ ಬಿರುಕು, ಸವೆದ ಇಟ್ಟಿಗೆ, ಒಡೆದ ಚರಂಡಿ ಎಲ್ಲ ಕಣ್ಣಿಗೆ ಬೀಳುವುದು ಆಗಲೇ. ಗೋಡೆಗೆ ಗಾರೆ ತುಂಬುವುದು, ಸೇತುವೆ ದುರಸ್ತಿ, ಕಲ್ಲುಹಾಸಿನಡಿಯ ಕೊಳವೆ-ಕೇಬಲ್ ಬದಲಾವಣೆ ಒಂದೇ ಸಲಕ್ಕೆ ಮುಗಿಯುತ್ತವೆ. ಈ ಎಲ್ಲ ಕೆಲಸಗಳನ್ನು ಒಟ್ಟಾಗಿ ಮಾಡಿಸಲೆಂದೇ 1997ರಲ್ಲಿ ‘ಇನ್ಸುಲಾ’ ಎಂಬ ಸಂಸ್ಥೆ ಹುಟ್ಟಿತು.

ಎಷ್ಟು ಆಳ ತೋಡಬೇಕೆಂಬುದಕ್ಕೂ ಮಿತಿಯಿದೆ. ಅನೇಕ ಕಟ್ಟಡಗಳ ಪಂಚಾಂಗ ನಿಂತಿರುವುದು ಮರದ ಗೂಟಗಳ ಮೇಲೆ. ಕೆಸರಿನಲ್ಲಿ ಹುದುಗಿ, ಆಮ್ಲಜನಕ ತಾಗದಿರುವುದರಿಂದಲೇ ಅವು ಶತಮಾನಗಳಿಂದ ಗಟ್ಟಿಯಾಗಿವೆ. ಅತಿಯಾಸೆಯಿಂದ ತೋಡಿದರೆ ಬುಡಕ್ಕೇ ಅಪಾಯ.

ಎಲ್ಲಕ್ಕಿಂತ ಕಠಿಣವಾದ ಪ್ರಶ್ನೆ, ತೆಗೆದ ಕೆಸರನ್ನು ಎಲ್ಲಿ ಹಾಕುವುದೆಂಬುದು. ಅದರಲ್ಲಿ ಸೀಸ, ಪಾದರಸದಂಥ ಲೋಹಗಳೂ ತೈಲದ ಅಂಶವೂ ಇರಬಹುದು. 1993ರ ಒಪ್ಪಂದವೊಂದು ಕೆಸರನ್ನು ಪ್ರಯೋಗಾಲಯದಲ್ಲಿ ಪರೀಕ್ಷಿಸಿ ಎ, ಬಿ, ಸಿ ಎಂದು ವರ್ಗ ಮಾಡುವಂತೆ ವಿಧಿಸಿತು. ಆ ನಿಯಮದಂತೆ ಶುದ್ಧವಾದ ಎ ವರ್ಗದ್ದು ಹಿನ್ನೀರಿನ ಸವೆದ ಜೌಗು ದಿಬ್ಬಗಳನ್ನು ಮತ್ತೆ ಕಟ್ಟಲು ಬಳಕೆಯಾಗುತ್ತಿತ್ತು. ಬಿ, ಸಿ ವರ್ಗದ್ದನ್ನು ನೀರಿಗೆ ಸೋರದಂತೆ ಸುತ್ತ ಗೋಡೆ ಕಟ್ಟಿಯೇ ತುಂಬಬೇಕಿತ್ತು. ಅದಕ್ಕೂ ಮೀರಿ ಕೆಟ್ಟದ್ದಾದರೆ ಹಿನ್ನೀರಿನ ಪ್ರದೇಶದಿಂದಲೇ ಆಚೆ ಸಾಗಿಸಬೇಕಿತ್ತು.

1960ರ ದಶಕದಿಂದ ಸುಮಾರು ಮೂವತ್ತು ವರ್ಷ ಈ ಊರು ಕ್ರಮವಾಗಿ ಹೂಳೆತ್ತಲೇ ಇಲ್ಲ. 1990ರ ದಶಕದಲ್ಲಿ ಮತ್ತೆ ಕೈಹಾಕಿದಾಗ ಹೂಳಿನ ಜೊತೆ ಶಿಥಿಲವಾದ ಗೋಡೆಗಳ ರಿಪೇರಿಯೂ ಲೆಕ್ಕಕ್ಕೆ ಬಂತು. 2020ರಿಂದ ದೊಡ್ಡ ಉಬ್ಬರಗಳನ್ನು ತಡೆಯುತ್ತಿರುವ ‘ಮೋಸೆ’ ಗೇಟುಗಳು ನೆರೆಯನ್ನು ನಿಲ್ಲಿಸಬಲ್ಲವು, ಕಾಲುವೆಯ ತಳದ ಕೆಸರನ್ನಲ್ಲ.

ನೀವು ವೆನಿಸ್‌ಗೆ ಹೋದಾಗ ಯಾವುದೋ ಕಾಲುವೆಗೆ ಒಡ್ಡು ಹಾಕಿ ಒಣಗಿಸಿದ್ದರೆ, ನೋಟ ಕೆಟ್ಟಿತೆಂದು ಬೇಸರಪಡದೆ ಸೇತುವೆಯ ಮೇಲೆ ನಿಂತು ಕೆಳಗೆ ನೋಡಿ. ಗಾತೋಲಿಗಳ ಬಾಯಿ, ಗೋಡೆಯ ಬುಡ, ಹೂಳು ನಿಂತ ಗೆರೆ ಎಲ್ಲವೂ ಚೆನ್ನಾಗಿ ಕಾಣುವುದು ಆಗಲೇ.